ಗೋಡೆಯ ಬೂಷ್ಟು ಯಾರ ಹೊಣೆ? ಇಂಗ್ಲೆಂಡಿನ ಬಾಡಿಗೆ ಮನೆಗಳು ಮತ್ತು ಅವಾಬ್ ಕಾನೂನು

ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಆ ಮನೆಯ ನಿಜವಾದ ಗುಣ ತಿಳಿಯಬೇಕಾದರೆ ಚಳಿಗಾಲ ಬರಬೇಕು. ಆಗಸ್ಟಿನಲ್ಲಿ ನೋಡಿ ಒಪ್ಪಿಕೊಂಡ, ಹೊಸದಾಗಿ ಬಿಳಿ ಬಣ್ಣ ಬಳಿದ ಕೋಣೆಯಲ್ಲಿ ನವೆಂಬರಿನ ಹೊತ್ತಿಗೆ ಕಿಟಕಿಯ ಗಾಜು ಬೆಳಗಾಗುವಷ್ಟರಲ್ಲಿ ಬೆವರಿರುತ್ತದೆ. ಡಿಸೆಂಬರಿನಲ್ಲಿ ಬೀರುವಿನ ಹಿಂದೆ, ಹೊರಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಜನವರಿಯಲ್ಲಿ ಮಡಿಸಿಟ್ಟ ಬಟ್ಟೆಗಳಿಗೂ ಮುಗ್ಗಲು ವಾಸನೆ ಹತ್ತುತ್ತದೆ. ದೂರು ಕೊಟ್ಟರೆ ಲೆಟಿಂಗ್ ಏಜೆಂಟರ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ: ಕಿಟಕಿ ತೆರೆಯಿರಿ, ಹೀಟಿಂಗ್ ಹಾಕಿ, ಒಳಗೆ ಬಟ್ಟೆ ಒಣಗಿಸಬೇಡಿ, ಅಡುಗೆಯ ಪಾತ್ರೆಗೆ ಮುಚ್ಚಳ ಮುಚ್ಚಿ. ಬಿಡಿಬಿಡಿಯಾಗಿ ನೋಡಿದರೆ ಈ ಸಲಹೆಗಳಲ್ಲಿ ಒಂದೂ ಸುಳ್ಳಲ್ಲ. ಒಟ್ಟಾಗಿ ಓದಿದಾಗ ಮಾತ್ರ ಅವು ಸಲಹೆಯ ರೂಪ ಬಿಟ್ಟು ತೀರ್ಪಿನ ರೂಪ ತಾಳುತ್ತವೆ: ಬೂಷ್ಟಿಗೆ ಕಾರಣ ಬಾಡಿಗೆದಾರನ ಜೀವನಶೈಲಿ. ಭೌತಶಾಸ್ತ್ರದ ಮಟ್ಟಿಗೆ ಇದು ಅರ್ಧ ಸತ್ಯ. ಕಾನೂನಿನ ಮಟ್ಟಿಗೆ ಈಗ ಬಹುತೇಕ ತಿರಸ್ಕೃತವಾದ ವಾದ. ಹಾಗೆ ತಿರಸ್ಕೃತವಾಗಲು ಸುಮಾರು 40 ವರ್ಷ ಹಿಡಿಯಿತು, ಅವಾಬ್ ಎಂಬ ಎರಡು ವರ್ಷದ ಮಗುವೊಂದರ ಸಾವೂ ಬೇಕಾಯಿತು.

ಮೊದಲು ಗೋಡೆಯ ವಿಚಾರ. ಬೂಷ್ಟಿನ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತವೆ. ಅವಕ್ಕೆ ಬೇಕಾದ ಆಹಾರ ಗೋಡೆಯ ಕಾಗದದಲ್ಲಿ, ಬಣ್ಣದಲ್ಲಿ, ಧೂಳಿನಲ್ಲಿ ಧಾರಾಳವಾಗಿ ಸಿಗುತ್ತದೆ. ಕೊರತೆ ಇರುವುದು ನೀರಿಗೆ ಮಾತ್ರ, ಅದೂ ಹನಿಗಟ್ಟಿದ ನೀರೇ ಆಗಬೇಕೆಂದಿಲ್ಲ. ಗೋಡೆಯ ಮೈಗೆ ಅಂಟಿಕೊಂಡಿರುವ ತೆಳುವಾದ ಗಾಳಿಯ ಪದರದಲ್ಲಿ ಸಾಪೇಕ್ಷ ಆರ್ದ್ರತೆ (ಆ ಶಾಖದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಶೇ 80ನ್ನು ದಾಟಿ ದಿನಗಟ್ಟಲೆ ಹಾಗೆಯೇ ಉಳಿದರೆ ಸಾಕು. ತಣ್ಣಗಿನ ಗಾಳಿ ಬೆಚ್ಚಗಿನ ಗಾಳಿಯಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು ಎಂಬುದೇ ಇಲ್ಲಿನ ಮೂಲ ಲೆಕ್ಕ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು. 10 ಡಿಗ್ರಿಗೆ ಇಳಿದರೆ ಆ ಮಿತಿ 9 ಗ್ರಾಂ ಚಿಲ್ಲರೆಗೆ ಕುಗ್ಗುತ್ತದೆ. ಕೋಣೆಯಲ್ಲಿ 20 ಡಿಗ್ರಿ ಶಾಖ, ಶೇ 60ರಷ್ಟು ಆರ್ದ್ರತೆ ಇದೆ ಎಂದುಕೊಳ್ಳೋಣ. ವಾಸದ ಮನೆಗೆ ಇದು ತೀರಾ ಸಾಮಾನ್ಯ ಸ್ಥಿತಿ. ಅದೇ ಗಾಳಿ 12 ಡಿಗ್ರಿಯ ಮೈಯನ್ನು ತಾಕಿದರೆ ನೀರಾಗಿ ಇಳಿಯುತ್ತದೆ. 15 ಡಿಗ್ರಿಯ ಗೋಡೆಯನ್ನು ತಾಕಿದರೆ ನೀರು ಕಾಣಿಸುವುದಿಲ್ಲ, ಆದರೆ ಆ ಗೋಡೆಯ ಬಳಿ ಆರ್ದ್ರತೆ ಶೇ 80ನ್ನು ಮೀರಿರುತ್ತದೆ. ಗೋಡೆ ಕೈಗೆ ಒಣಗಿದಂತೆಯೇ ಇದ್ದರೂ ಬೂಷ್ಟು ಹಿಡಿಯುವುದು ಹೀಗೆ.

ಎಂದಮೇಲೆ ಎರಡು ಸಂಗತಿಗಳು ಒಟ್ಟಿಗೆ ಸೇರಬೇಕು: ಗಾಳಿಯಲ್ಲಿರುವ ನೀರು ಮತ್ತು ಗೋಡೆಯ ತಣ್ಣಗಿನ ಮೈ. ಮೊದಲನೆಯದನ್ನು ಮನೆಯಲ್ಲಿ ವಾಸಿಸುವವರು ಉಂಟುಮಾಡುತ್ತಾರೆ ಎಂಬುದು ನಿಜ. ನಾಲ್ವರ ಕುಟುಂಬ ಉಸಿರಾಟ, ಸ್ನಾನ, ಅಡುಗೆ, ಬಟ್ಟೆ ಒಣಗಿಸುವಿಕೆಗಳಿಂದ ದಿನಕ್ಕೆ 10 ಲೀಟರಿನಷ್ಟು ನೀರನ್ನು ಗಾಳಿಗೆ ಸೇರಿಸಬಹುದು. ಒಗೆದ ಬಟ್ಟೆಯ ಒಂದು ಹೊರೆಯಿಂದಲೇ ಸುಮಾರು ಎರಡು ಲೀಟರ್ ಬರುತ್ತದೆ. ಆದರೆ ಇದರಲ್ಲಿ ಯಾವುದನ್ನು ನಿಲ್ಲಿಸಬೇಕು? ಉಸಿರಾಟ, ಸ್ನಾನ, ಅಡುಗೆಗಳಿಗಾಗಿಯೇ ಮನೆ ಇರುವುದು. ಎರಡನೆಯ ಸಂಗತಿ, ಅಂದರೆ ಗೋಡೆಯ ಮೈಯ ಶಾಖ, ಕಟ್ಟಡಕ್ಕೆ ಸೇರಿದ್ದು. ಇಂಗ್ಲೆಂಡಿನ ಮನೆಗಳಲ್ಲಿ ಐದನೆಯ ಒಂದು ಭಾಗದಷ್ಟು 1919ಕ್ಕಿಂತ ಮೊದಲು ಕಟ್ಟಿದವು, ಖಾಸಗಿ ಬಾಡಿಗೆ ಮನೆಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಇವುಗಳ ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆಯದು. ನಡುವೆ ಟೊಳ್ಳಿಲ್ಲ, ಶಾಖ ತಡೆಯುವ ಹೊದಿಕೆಯೂ ಇಲ್ಲ. ಒಳಗೆ 18 ಡಿಗ್ರಿ, ಹೊರಗೆ 2 ಡಿಗ್ರಿ ಇರುವ ರಾತ್ರಿಯಲ್ಲಿ ಇಂಥ ಗೋಡೆಯ ಒಳಮೈ 14 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕೋಣೆಯ ಬೆಚ್ಚನೆಯ ಗಾಳಿ ಸುಳಿಯದ ಮೂಲೆಗಳಲ್ಲಿ, ಗೋಡೆಗೆ ಒತ್ತರಿಸಿಟ್ಟ ಬೀರು ಮತ್ತು ಹಾಸಿಗೆಗಳ ಹಿಂದೆ ಇನ್ನೂ ಎರಡು ಮೂರು ಡಿಗ್ರಿ ಕಡಿಮೆ. ಬೂಷ್ಟು ಯಾವಾಗಲೂ ಮೊದಲು ಅಲ್ಲಿಯೇ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದು.

ಕರ್ನಾಟಕದಿಂದ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಿಂದ ಹೋದವರಿಗೆ ಇಲ್ಲಿ ಒಂದು ತೊಡಕಿದೆ. ಬೂಷ್ಟು ಅವರಿಗೆ ಹೊಸದಲ್ಲ. ಆಷಾಢದಲ್ಲಿ ಚರ್ಮದ ಚಪ್ಪಲಿ, ಪುಸ್ತಕ, ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯುವುದನ್ನು ನೋಡಿಯೇ ಬೆಳೆದಿರುತ್ತಾರೆ. ಆದರೆ ಅಲ್ಲಿ ತೇವ ಬರುವುದು ಹೊರಗಿನಿಂದ. ಮಂಗಳೂರಿನ ಜುಲೈ ತಿಂಗಳ ಗಾಳಿಯಲ್ಲಿ ಘನ ಮೀಟರಿಗೆ 20 ಗ್ರಾಂಗಿಂತ ಹೆಚ್ಚು ನೀರಾವಿ ಇರುತ್ತದೆ. ಮಳೆ ಬಂದಾಗ ಕಿಟಕಿ ಮುಚ್ಚುವುದು ಅಲ್ಲಿ ಬುದ್ಧಿವಂತಿಕೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹೊರಗೆ 5 ಡಿಗ್ರಿ ಇದ್ದು ಜಿಟಿಜಿಟಿ ಮಳೆ ಹಿಡಿದಿದ್ದರೂ ಆ ಗಾಳಿಯಲ್ಲಿರುವುದು ಘನ ಮೀಟರಿಗೆ ಆರು ಗ್ರಾಂ ಚಿಲ್ಲರೆ ನೀರಾವಿ ಮಾತ್ರ. ಅದನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇ 35ರ ಸುಮಾರಿಗೆ ಇಳಿಯುತ್ತದೆ. ಹೊರಗಿನ ಒದ್ದೆ ಗಾಳಿ ಒಳಗಿನ ಗಾಳಿಗಿಂತ ಒಣಗಿದ್ದು ಎಂಬ ಮಾತನ್ನು ನಂಬುವುದು ಕಷ್ಟ, ಆದರೆ ಅದು ನಿಜ. ಊರಿನ ಅಭ್ಯಾಸದಂತೆ ಮಳೆಗೆ ಕಿಟಕಿ ಮುಚ್ಚಿ, ಕಿಟಕಿ ಚೌಕಟ್ಟಿನ ಮೇಲಿರುವ ಸಣ್ಣ ಗಾಳಿಕಿಂಡಿಗೆ ಟೇಪು ಅಂಟಿಸಿ, ಚಳಿಯನ್ನು ಹೊರಗಿಟ್ಟೆವು ಎಂದುಕೊಳ್ಳುವವರು ನೀರಾವಿಯನ್ನು ಒಳಗೆ ಕೂಡಿಹಾಕಿಕೊಂಡಿರುತ್ತಾರೆ. ಅಡುಗೆಮನೆಯ ಮತ್ತು ಬಚ್ಚಲಿನ ಎಕ್ಸ್‌ಹಾಸ್ಟ್ ಫ್ಯಾನನ್ನು ಕೆಲಸ ಮುಗಿದ ಮೇಲೂ ಕಾಲು ಗಂಟೆ ಓಡಲು ಬಿಡುವುದು, ಬೆಳಗ್ಗೆ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆಯುವುದು, ಬೀರುವನ್ನು ಗೋಡೆಯಿಂದ ಒಂದು ಗೇಣಿನಷ್ಟು ದೂರ ಸರಿಸುವುದು, ಇವಿಷ್ಟು ಬಾಡಿಗೆದಾರರ ಕೈಯಲ್ಲಿರುವ ಉಪಾಯಗಳು. ಫ್ಯಾನೇ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಅದು ಮಾಲೀಕರ ಲೆಕ್ಕಕ್ಕೆ ಸೇರಬೇಕಾದ ಸಂಗತಿ.

ಹೀಟಿಂಗ್ ವಿಚಾರಕ್ಕೆ ಬಂದರೆ ಸಲಹೆ ಕೊಡುವುದು ಸುಲಭ, ಬಿಲ್ಲು ಕಟ್ಟುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಹೇಳಿದೆ. ಗಟ್ಟಿ ಇಟ್ಟಿಗೆಯ ಗೋಡೆ, ಒಂಟಿ ಗಾಜಿನ ಕಿಟಕಿ, ಹಳೆಯ ಬಾಯ್ಲರ್ ಇರುವ ಮನೆಯಲ್ಲಿ ಇಡೀ ದಿನ 18 ಡಿಗ್ರಿ ಕಾಯ್ದುಕೊಳ್ಳುವ ವೆಚ್ಚ ಒಳ್ಳೆಯ ಮನೆಗಿಂತ ಎಷ್ಟೋ ಹೆಚ್ಚು. 2022ರ ಅಕ್ಟೋಬರಿನಲ್ಲಿ ಸರ್ಕಾರ ಮಧ್ಯೆ ಬಂದು ಸಾಮಾನ್ಯ ಕುಟುಂಬವೊಂದರ ಗ್ಯಾಸ್ ಮತ್ತು ವಿದ್ಯುತ್ ವೆಚ್ಚವನ್ನು ವರ್ಷಕ್ಕೆ 2,500 ಪೌಂಡ್ ಮಟ್ಟಕ್ಕೆ ಹಿಡಿದಿಡಬೇಕಾಯಿತು. ಇಲ್ಲದಿದ್ದರೆ ಅದು 3,549 ಪೌಂಡಿಗೆ ಏರುತ್ತಿತ್ತು. ಆ ಚಳಿಗಾಲದಲ್ಲಿ ಅನೇಕರು ಒಂದೇ ಕೋಣೆಯನ್ನು ಕಾಯಿಸಿ ಉಳಿದವನ್ನು ತಣ್ಣಗೆ ಬಿಟ್ಟರು. ಬೆಚ್ಚಗಿನ ಕೋಣೆಯ ನೀರಾವಿ ಬಾಗಿಲಿನ ಸಂದಿಯಿಂದ ತಣ್ಣಗಿನ ಕೋಣೆಗೆ ಹೋಗಿ ಅಲ್ಲಿನ ಗೋಡೆಯ ಮೇಲೆ ಕೂರುತ್ತದೆ; ಹಣ ಉಳಿಸಲು ಮುಚ್ಚಿಟ್ಟ ಕೋಣೆಗೆ ಮೊದಲು ಬೂಷ್ಟು ಹಿಡಿಯುವುದು ಈ ಕಾರಣಕ್ಕೆ. ಹಾಗಾಗಿ ‘ಹೀಟಿಂಗ್ ಹಾಕಿ’ ಎಂಬ ಉತ್ತರ, ಕೆಟ್ಟ ಗೋಡೆಯ ಖರ್ಚನ್ನು ಮಾಲೀಕರ ಖಾತೆಯಿಂದ ಬಾಡಿಗೆದಾರರ ಮೀಟರಿಗೆ ವರ್ಗಾಯಿಸುವ ಉತ್ತರ ಎಂದೇ ನನ್ನ ಅಭಿಪ್ರಾಯ.

ಎಲ್ಲ ತೇವವೂ ಒಳಗಿನ ನೀರಾವಿಯಿಂದಲೇ ಬಂದದ್ದಲ್ಲ ಎಂಬುದನ್ನೂ ನೆನಪಿಡಬೇಕು. ನೆಲದಿಂದ ಮೇಲಕ್ಕೆ ಸುಮಾರು ಒಂದು ಮೀಟರಿನವರೆಗೆ ಅಡ್ಡಗೆರೆ ಎಳೆದಂತೆ ಕಲೆ ಬಂದು, ಬಿಳಿಯ ಉಪ್ಪು ಪುಡಿಯಾಗಿ ಉದುರುತ್ತಿದ್ದರೆ ನೆಲದ ನೀರು ಗೋಡೆಯಲ್ಲಿ ಏರುತ್ತಿದೆ ಎಂದು ಶಂಕಿಸಬಹುದು. ಒಂದೇ ಕಡೆ ಹರಡಿದ ಕಂದು ಕಲೆ ಮಳೆ ಬಂದ ಮರುದಿನ ದೊಡ್ಡದಾಗುತ್ತಿದ್ದರೆ ಒಡೆದ ಹೆಂಚು, ಕಸ ಕಟ್ಟಿಕೊಂಡ ಮಳೆನೀರಿನ ದೋಣಿ, ಸೋರುವ ಪೈಪು ಇರಬೇಕು. ನೀರಾವಿಯಿಂದ ಬಂದದ್ದು ಮೂಲೆಗಳಲ್ಲಿ, ಕಿಟಕಿಯ ಸುತ್ತ, ಸಾಮಾನುಗಳ ಹಿಂದೆ, ಚಳಿಗಾಲದಲ್ಲಿ ಮಾತ್ರ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಮೊದಲ ಎರಡರಲ್ಲಿ ಬಾಡಿಗೆದಾರರನ್ನು ದೂರಲು ಯಾರಿಗೂ ಎಡೆಯಿಲ್ಲ. ಜಗಳವೆಲ್ಲ ಮೂರನೆಯದರ ಬಗ್ಗೆ, ಮತ್ತು ಬಹಳ ಕಾಲ ಕಾನೂನು ಆ ಜಗಳದಲ್ಲಿ ಮಾಲೀಕರ ಪಕ್ಷವನ್ನೇ ಹಿಡಿದಿತ್ತು.

ಅದರ ಕಥೆ ವಿಚಿತ್ರವಾಗಿದೆ. 1985ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಕಟ್ಟಡದ ರಚನೆ ಮತ್ತು ಹೊರಮೈ, ನೀರು, ಗ್ಯಾಸ್, ವಿದ್ಯುತ್ ಸಂಪರ್ಕಗಳು, ಮನೆ ಮತ್ತು ನೀರು ಕಾಯಿಸುವ ಸಾಧನಗಳು ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಬಾಯ್ಲರ್ ಕೆಟ್ಟರೆ, ರೇಡಿಯೇಟರ್ ಕಾಯದಿದ್ದರೆ ಇಂದಿಗೂ ಈ ಸೆಕ್ಷನ್ ಸಾಕು. ಆದರೆ ಬೂಷ್ಟಿನ ಮಟ್ಟಿಗೆ, ವೇಲ್ಸ್‌ನ ಟ್ಯಾಫ್ ಎಲಿ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ವಿರುದ್ಧ ಕ್ವಿಕ್ ಎಂಬ ಬಾಡಿಗೆದಾರ ಹೂಡಿದ್ದ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ದಾರಿಯನ್ನು ಮುಚ್ಚಿತು. ಆ ಮನೆಯ ಲೋಹದ ಕಿಟಕಿ ಚೌಕಟ್ಟುಗಳಿಂದಲೂ ಹೊದಿಕೆಯಿಲ್ಲದ ಕಾಂಕ್ರೀಟ್ ಲಿಂಟಲ್‌ಗಳಿಂದಲೂ ಒಳಗೆ ವಿಪರೀತ ನೀರು ಹನಿಗಟ್ಟುತ್ತಿತ್ತು, ಬಟ್ಟೆಬರೆ, ಹಾಸಿಗೆಗಳು ಹಾಳಾಗುತ್ತಿದ್ದವು. ಆದರೂ ನ್ಯಾಯಾಲಯದ ತರ್ಕ ಹೀಗಿತ್ತು: ದುರಸ್ತಿ ಬೇಕೆನ್ನಲು ಮೊದಲು ಏನಾದರೂ ಕೆಟ್ಟಿರಬೇಕು, ಕಿಟಕಿ, ಲಿಂಟಲ್‌ಗಳು ಕಟ್ಟಿದ ದಿನ ಹೇಗಿದ್ದವೋ ಹಾಗೆಯೇ ಇವೆ, ಮೊದಲಿನಿಂದಲೂ ಕೆಟ್ಟದಾಗಿ ಕಟ್ಟಿದ್ದನ್ನು ಸರಿಪಡಿಸುವುದು ದುರಸ್ತಿಯ ವ್ಯಾಪ್ತಿಗೆ ಬರುವುದಿಲ್ಲ. ಮನೆ ವಾಸಯೋಗ್ಯವಾಗಿರಬೇಕೆಂದು ಹೇಳುವ ಬೇರೊಂದು ಸೆಕ್ಷನ್ ಅದೇ ಕಾಯ್ದೆಯಲ್ಲಿ ಇತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ವಾರ್ಷಿಕ ಬಾಡಿಗೆ ಲಂಡನ್ನಿನಲ್ಲಿ 80 ಪೌಂಡ್, ಬೇರೆಡೆ 52 ಪೌಂಡ್ ಮೀರದ ಮನೆಗಳಿಗೆ ಮಾತ್ರ. 1957ರಲ್ಲಿ ಗೊತ್ತುಪಡಿಸಿದ ಆ ಮಿತಿಯನ್ನು ಯಾರೂ ಏರಿಸಲಿಲ್ಲ. ವಾರಕ್ಕೆ ಒಂದು ಪೌಂಡಿನ ಮನೆ ಇಂಗ್ಲೆಂಡಿನಲ್ಲಿ ಎಲ್ಲಿಯೂ ಉಳಿಯದೆ ಹೋದ ಮೇಲೂ ಆ ಹಕ್ಕು ಕಾಗದದ ಮೇಲೆ ಭದ್ರವಾಗಿತ್ತು.

ಈ ಬೀಗವನ್ನು ತೆರೆದದ್ದು ಸಂಸದೆ ಕ್ಯಾರೆನ್ ಬಕ್ ಮಂಡಿಸಿದ ಖಾಸಗಿ ಮಸೂದೆ. ಅದು 2018ರಲ್ಲಿ ಕಾಯ್ದೆಯಾಗಿ, 2019ರ ಮಾರ್ಚ್ 20ರಿಂದ ಹೊಸ ಬಾಡಿಗೆ ಕರಾರುಗಳಿಗೂ ಒಂದು ವರ್ಷದ ನಂತರ ಹಳೆಯವಕ್ಕೂ ಅನ್ವಯವಾಯಿತು. ಈಗ ಇಂಗ್ಲೆಂಡಿನಲ್ಲಿ ಖಾಸಗಿಯಾಗಲಿ, ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಶನ್ ಎಂಬ ಲಾಭರಹಿತ ಸಂಸ್ಥೆಗಳು ಕೊಡುವ ಸಾಮಾಜಿಕ ವಸತಿಯಾಗಲಿ, ಸಾಮಾನ್ಯ ಬಾಡಿಗೆ ಮನೆ ಕರಾರಿನ ಆರಂಭದಿಂದ ಕೊನೆಯವರೆಗೂ ವಾಸಯೋಗ್ಯವಾಗಿರಬೇಕು. ತೇವ, ಗಾಳಿ ಬೆಳಕು, ಅತಿಯಾದ ಚಳಿ ಇವೆಲ್ಲವೂ ಆ ಪರೀಕ್ಷೆಯೊಳಗೆ ಬರುತ್ತವೆ. ಏನಾದರೂ ಮುರಿದಿದೆ ಎಂದು ತೋರಿಸುವ ಅಗತ್ಯ ಹೋಯಿತು. ಗೋಡೆ ಮೊದಲಿನಿಂದಲೂ ಹೀಗೆಯೇ ಇತ್ತು ಎಂಬುದು ಇನ್ನು ಮಾಲೀಕರಿಗೆ ರಕ್ಷಣೆಯಾಗಲಾರದು. ಬಾಡಿಗೆದಾರರು ಜವಾಬ್ದಾರಿಯಿಂದ ನಡೆದುಕೊಳ್ಳದೆ ಉಂಟಾದ ಹಾನಿಗೆ ಮಾಲೀಕರು ಹೊಣೆಯಲ್ಲ ಎಂಬ ವಿನಾಯಿತಿ ಮಾತ್ರ ಉಳಿದಿದೆ. ಜೀವನಶೈಲಿಯ ವಾದ ಈಗ ಬದುಕಿರುವುದು ಆ ಸಂದಿಯಲ್ಲಿ.

ಆ ವಾದ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಮ್ಯಾಂಚೆಸ್ಟರಿನ ಬಳಿಯ ರಾಚ್‌ಡೇಲ್ ಪಟ್ಟಣದ ಘಟನೆ ತೋರಿಸಿತು. ಸೂಡಾನಿನಿಂದ ಬಂದಿದ್ದ ದಂಪತಿ ಅಲ್ಲಿ ರಾಚ್‌ಡೇಲ್ ಬರೋವೈಡ್ ಹೌಸಿಂಗ್ ಎಂಬ ಸಂಸ್ಥೆಯ ಒಂದು ಮಲಗುವ ಕೋಣೆಯ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದರು. 2017ರಲ್ಲೇ ತಂದೆ ಬೂಷ್ಟಿನ ಬಗ್ಗೆ ಹೇಳಿದಾಗ ಅದರ ಮೇಲೆ ಬಣ್ಣ ಬಳಿಯುವಂತೆ ತಿಳಿಸಲಾಯಿತು. ಮಗ ಅವಾಬ್ ಇಶಾಕ್ ಹುಟ್ಟಿದ್ದು ಆ ಮನೆಗೇ. 2020ರ ಜೂನಿನಲ್ಲಿ ಕುಟುಂಬ ವಕೀಲರ ಮೂಲಕ ಪರಿಹಾರದ ಹಕ್ಕು ಸಾಧಿಸಿತು. ವಕೀಲರ ಒಪ್ಪಿಗೆ ಬರುವವರೆಗೆ ದುರಸ್ತಿ ಕೈಗೊಳ್ಳುವುದಿಲ್ಲ ಎಂಬುದು ಸಂಸ್ಥೆಯ ಆಗಿನ ರೀತಿಯಾಗಿತ್ತು. ಜುಲೈಯಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಹೆಲ್ತ್ ವಿಸಿಟರ್ ಕೂಡ ಕಳವಳದಿಂದ ಪತ್ರ ಬರೆದರು. ಎರಡನೆಯ ಹುಟ್ಟುಹಬ್ಬ ಕಳೆದು ಕೆಲವೇ ದಿನಗಳಾಗಿದ್ದಾಗ, 2020ರ ಡಿಸೆಂಬರ್ 21ರಂದು ಅವಾಬ್ ತೀರಿಕೊಂಡ. 2022ರ ನವೆಂಬರಿನಲ್ಲಿ ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ (ಕರೋನರ್) ಜೊಆನ್ ಕಿಯರ್ಸ್ಲಿ, ಮನೆಯ ಬೂಷ್ಟಿಗೆ ದೀರ್ಘ ಕಾಲ ಒಡ್ಡಿಕೊಂಡದ್ದರಿಂದ ಉಂಟಾದ ತೀವ್ರ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು ತೀರ್ಮಾನಿಸಿದರು. 2020ರ ಬ್ರಿಟನ್ನಿನಲ್ಲಿ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದ ಸಾಯುವುದು ಹೇಗೆ ಸಾಧ್ಯವಾಯಿತು ಎಂದು ಅವರು ಕೇಳಿದರು. ಕುಟುಂಬದ ಜೀವನಶೈಲಿಯ ಬಗ್ಗೆ, ಅವರ ಸ್ನಾನದ ಪದ್ಧತಿಯ ಬಗ್ಗೆ ಊಹೆ ಮಾಡಿಕೊಂಡದ್ದು ತಪ್ಪಾಯಿತೆಂದು ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಮುಖ್ಯ ಕಾರ್ಯನಿರ್ವಾಹಕರನ್ನು ಹುದ್ದೆಯಿಂದ ತೆಗೆದುಹಾಕಲಾಯಿತು.

ಸ್ನಾನದ ಪದ್ಧತಿಯ ಮಾತನ್ನು ಕನ್ನಡಿಗರು ಗಮನವಿಟ್ಟು ಓದಬೇಕು. ದಿನವೂ ಬಿಸಿನೀರಿನ ಸ್ನಾನ, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸುರಿದುಕೊಳ್ಳುವುದು, ಕುಕ್ಕರಿನ ಸೀಟಿ, ಇಡ್ಲಿಯ ಹಬೆ, ಗಂಟೆಗಟ್ಟಲೆ ಕುದಿಯುವ ಸಾರು ಇವೆಲ್ಲ ಇದೇ ಊಹೆಗೆ ಸುಲಭವಾಗಿ ಸಿಗುವ ಸಂಗತಿಗಳು. ಸಾಮಾಜಿಕ ವಸತಿಯ ದೂರುಗಳನ್ನು ವಿಚಾರಿಸುವ ಹೌಸಿಂಗ್ ಆಂಬುಡ್ಸ್‌ಮನ್ 2021ರ ಅಕ್ಟೋಬರಿನಲ್ಲೇ, ಅಂದರೆ ರಾಚ್‌ಡೇಲ್ ತೀರ್ಮಾನಕ್ಕೆ ಒಂದು ವರ್ಷ ಮೊದಲೇ, ಬೂಷ್ಟಿಗೆ ಜೀವನಶೈಲಿಯನ್ನು ದೂರುವ ರೂಢಿಯನ್ನು ಬಿಡಬೇಕೆಂದು 26 ಶಿಫಾರಸುಗಳ ವರದಿ ಕೊಟ್ಟಿತ್ತು. 2023ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಪ್ರಕಟಿಸಿದ ಆರೋಗ್ಯ ಮಾರ್ಗದರ್ಶಿ, ಅಡುಗೆ, ಸ್ನಾನ, ಬಟ್ಟೆ ಒಣಗಿಸುವಿಕೆ ದಿನನಿತ್ಯದ ಬದುಕಿನ ಭಾಗಗಳೆಂದೂ ಅವುಗಳನ್ನು ಬಾಡಿಗೆದಾರರ ತಪ್ಪೆಂದು ಎಣಿಸಬಾರದೆಂದೂ ಸ್ಪಷ್ಟವಾಗಿ ಹೇಳಿದೆ. ಇದು ಖಾಸಗಿ ಮಾಲೀಕರಿಗೂ ಉದ್ದೇಶಿಸಿದ ಮಾರ್ಗದರ್ಶಿ. ಏಜೆಂಟರಿಂದ ಅಡುಗೆಯ ಬಗ್ಗೆ ಪಾಠ ಬಂದಾಗ ಉತ್ತರದಲ್ಲಿ ಇದನ್ನು ಹೆಸರಿಸುವುದು ದೀರ್ಘ ವಾದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಅವಾಬ್ ಕಾನೂನು ಎಂದು ಕರೆಯಲಾಗುವ ನಿಯಮಗಳಿಗೆ 2023ರ ಸಾಮಾಜಿಕ ವಸತಿ ನಿಯಂತ್ರಣ ಕಾಯ್ದೆ ಆಧಾರ. ಅವು 2025ರ ಅಕ್ಟೋಬರ್ 27ರಂದು ಜಾರಿಗೆ ಬಂದವು. ಇವುಗಳ ವೈಶಿಷ್ಟ್ಯ ಇರುವುದು ಗಡುವಿನಲ್ಲಿ. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಪರಿಶೀಲಿಸಿ ಮನೆಯನ್ನು ಸುರಕ್ಷಿತಗೊಳಿಸಬೇಕು. ಗಣನೀಯ ಪ್ರಮಾಣದ ತೇವ ಅಥವಾ ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ಪರಿಶೀಲನೆ ಮುಗಿಯಬೇಕು. ಮುಗಿದ ಮೂರು ಕೆಲಸದ ದಿನಗಳಲ್ಲಿ ಅದರ ಸಾರಾಂಶವನ್ನು ಬರಹದಲ್ಲಿ ಕೊಡಬೇಕು. ಐದು ಕೆಲಸದ ದಿನಗಳಲ್ಲಿ ಅಪಾಯ ನಿವಾರಿಸಬೇಕು. ಮತ್ತೆ ಮರುಕಳಿಸದಂತೆ ತಡೆಯುವ ದೊಡ್ಡ ಕೆಲಸವನ್ನು ಕೂಡಲೇ ಶುರುಮಾಡಲಾಗದಿದ್ದರೆ 12 ವಾರಗಳೊಳಗಾದರೂ ಶುರುಮಾಡಬೇಕು. ಗಡುವಿನೊಳಗೆ ಮನೆಯನ್ನು ಸುರಕ್ಷಿತಗೊಳಿಸಲಾಗದಿದ್ದರೆ ಸಂಸ್ಥೆಯೇ ತನ್ನ ಖರ್ಚಿನಲ್ಲಿ ಬೇರೆ ವಸತಿ ಒದಗಿಸಬೇಕು. ಮೊದಲ ಹಂತದಲ್ಲಿರುವುದು ತೇವ, ಬೂಷ್ಟು ಮತ್ತು ತುರ್ತು ಅಪಾಯಗಳು. ಅತಿಯಾದ ಚಳಿ ಮೊದಲಾದವು 2026ರ ಹಂತಕ್ಕೆ ಸೇರಿವೆ. ಬೂಷ್ಟು ಮತ್ತು ಚಳಿ ಒಂದೇ ಗೋಡೆಯ ಎರಡು ಲಕ್ಷಣಗಳಾಗಿರುವಾಗ ಅವುಗಳನ್ನು ಬೇರೆ ಬೇರೆ ವರ್ಷಕ್ಕೆ ಹಂಚಿದ್ದರಲ್ಲಿ ಆಡಳಿತದ ಅನುಕೂಲವಿದೆಯೇ ಹೊರತು ತರ್ಕವಿಲ್ಲ.

ಇಷ್ಟೆಲ್ಲ ಇದ್ದರೂ ಈ ಗಡುವುಗಳು ಸದ್ಯಕ್ಕೆ ಬಿಗಿಯಾಗಿ ಹಿಡಿದಿರುವುದು ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಶನ್‌ಗಳನ್ನು. ಕೆಲಸದ ವೀಸಾ ಅಥವಾ ವಿದ್ಯಾರ್ಥಿ ವೀಸಾದ ಮೇಲೆ ಬಂದ ಕನ್ನಡಿಗರು ಸಾಮಾನ್ಯವಾಗಿ ಇರುವುದು ಖಾಸಗಿ ಬಾಡಿಗೆ ಮನೆಗಳಲ್ಲಿ. ಇಂಗ್ಲೆಂಡಿನ ವಸತಿ ಸಮೀಕ್ಷೆಗಳಲ್ಲಿ ತೇವದ ಸಮಸ್ಯೆ ಅತಿ ಹೆಚ್ಚಾಗಿ ಕಂಡುಬರುವುದೂ ಅಲ್ಲಿಯೇ, ಸುಮಾರು ಹತ್ತು ಮನೆಗಳಿಗೆ ಒಂದರಂತೆ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅವಾಬ್ ಕಾನೂನನ್ನು ಖಾಸಗಿ ವಲಯಕ್ಕೂ ವಿಸ್ತರಿಸಲು ಅಧಿಕಾರ ಕೊಟ್ಟಿದೆ, ಆದರೆ ಅದಕ್ಕೆ ಪ್ರತ್ಯೇಕ ನಿಯಮಗಳು ಬೇಕು. ಅದೇ ಕಾಯ್ದೆಯ ಇನ್ನೊಂದು ಅಂಶ ಬಹುಶಃ ಇದಕ್ಕಿಂತ ದೊಡ್ಡದು: ಕಾರಣ ಹೇಳದೆಯೇ ಎರಡು ತಿಂಗಳ ನೋಟಿಸಿನಲ್ಲಿ ಮನೆ ಬಿಡಿಸುವ, ಹಳೆಯ ವಸತಿ ಕಾಯ್ದೆಯ 21ನೇ ಸೆಕ್ಷನ್ 2026ರ ಮೇ 1ರಿಂದ ರದ್ದು. ಬೂಷ್ಟಿನ ದೂರು ಕೊಟ್ಟವರಿಗೆ ದುರಸ್ತಿಯವನ ಬದಲು ನೋಟಿಸು ಬರುವುದು ಬಹಳ ವರ್ಷಗಳ ವಾಡಿಕೆಯಾಗಿತ್ತು. 2015ರ ಕಾಯ್ದೆಯೊಂದು ಇದಕ್ಕೆ ಆರು ತಿಂಗಳ ತಡೆ ಒಡ್ಡಿತ್ತು, ಆದರೆ ಕೌನ್ಸಿಲ್ ಅಧಿಕೃತ ನೋಟಿಸು ಹೊರಡಿಸಿದ್ದರೆ ಮಾತ್ರ; ಕೌನ್ಸಿಲ್ ಬರುವಷ್ಟರಲ್ಲಿ ಮನೆ ಖಾಲಿಯಾಗಿರುತ್ತಿತ್ತು. ವಾಸಯೋಗ್ಯತೆಯ ಹಕ್ಕು 2019ರಿಂದಲೇ ಇದ್ದರೂ ಖಾಸಗಿ ಬಾಡಿಗೆದಾರರು ಅದನ್ನು ಬಳಸಲು ಹಿಂಜರಿದದ್ದಕ್ಕೆ ಈ ಭಯವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ವೀಸಾ ಇರುವವರಲ್ಲಿ ಇನ್ನೊಂದು ಭಯವೂ ಸೇರಿಕೊಂಡಿರುತ್ತದೆ. ಮನೆ ಕೊಡುವ ಮೊದಲು ಇಂಗ್ಲೆಂಡಿನಲ್ಲಿ ಮಾಲೀಕರು ವಲಸೆ ದಾಖಲೆಗಳನ್ನು ಪರಿಶೀಲಿಸಬೇಕಾಗಿರುವುದರಿಂದ, ಮಾಲೀಕರನ್ನು ಎದುರು ಹಾಕಿಕೊಂಡರೆ ವೀಸಾಕ್ಕೆ ತೊಂದರೆಯಾದೀತೆಂಬ ಅಳುಕು ಅದು. ಮನೆ ವಾಸಯೋಗ್ಯವಾಗಿರಬೇಕೆಂಬ ಕಾನೂನು ಪೌರತ್ವ ನೋಡಿ ಅನ್ವಯವಾಗುವುದಿಲ್ಲ. ಮನೆಯ ತಪಾಸಣೆಗಾಗಿ ಕೌನ್ಸಿಲನ್ನು ಕರೆಯುವುದು ಸರ್ಕಾರದ ಹಣಕಾಸಿನ ನೆರವು ಪಡೆದಂತೆಯೂ ಆಗುವುದಿಲ್ಲ.

ಕ್ರಮ ಹೀಗಿರಬೇಕು. ಮೊದಲ ದೂರನ್ನು ಫೋನಿನಲ್ಲಿ ಹೇಳಿದ್ದರೂ ಅದೇ ದಿನ ಇಮೇಲಿನಲ್ಲಿ ಬರೆದಿಡಬೇಕು, ಏಕೆಂದರೆ ಮನೆಯೊಳಗಿನ ದೋಷದ ಬಗ್ಗೆ ಮಾಲೀಕರ ಹೊಣೆ ಸಾಮಾನ್ಯವಾಗಿ ಶುರುವಾಗುವುದು ಅವರಿಗೆ ತಿಳಿದ ದಿನದಿಂದ. ತಾರೀಖು ಇರುವ ಫೋಟೋಗಳು, ವೈದ್ಯರ ಪತ್ರ, ಹಾಳಾದ ವಸ್ತುಗಳ ಪಟ್ಟಿ ಎಲ್ಲರಿಗೂ ಹೊಳೆಯುತ್ತವೆ. ಆದರೆ ಜೀವನಶೈಲಿಯ ವಾದವನ್ನು ಮುರಿಯುವ ಸಾಕ್ಷ್ಯ ಬೇರೆಯದು. ಶಾಖ ಮತ್ತು ಆರ್ದ್ರತೆ ತೋರಿಸುವ ಸಣ್ಣ ಹೈಗ್ರೋಮೀಟರ್ ಹತ್ತು ಪೌಂಡಿನೊಳಗೆ ಸಿಗುತ್ತದೆ. ಕೋಣೆಯಲ್ಲಿ 18ರಿಂದ 20 ಡಿಗ್ರಿ, ಶೇ 50ರಿಂದ 60ರ ಆರ್ದ್ರತೆ ಎಂದು ಕೆಲವು ವಾರಗಳ ದಾಖಲೆ ಇದ್ದು, ಆದರೂ ಗೋಡೆಗೆ ಬೂಷ್ಟು ಹಿಡಿದಿದ್ದರೆ ದೋಷ ಗೋಡೆಯದೆಂದು ಹೇಳಲು ಬೇರೆ ಪಂಡಿತರು ಬೇಕಿಲ್ಲ. ಆರ್ದ್ರತೆ ಸದಾ ಶೇ 75ರ ಮೇಲಿದ್ದರೆ ಫ್ಯಾನು, ಕಿಟಕಿ, ಸೋರುವ ಪೈಪುಗಳ ಕಡೆಗೆ ನೋಡಬೇಕು. ಒಟ್ಟಿನಲ್ಲಿ ಆ ಪುಟ್ಟ ಯಂತ್ರ ಎರಡೂ ಕಡೆಯವರ ಬಾಯಿ ಮುಚ್ಚಿಸುತ್ತದೆ. ಹೀಟಿಂಗ್ ಬಿಲ್ಲುಗಳನ್ನೂ ಜೋಡಿಸಿಡುವುದು ಒಳ್ಳೆಯದು.

ಉತ್ತರ ಬಾರದಿದ್ದರೆ ಸ್ಥಳೀಯ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಬೇಕು. 2004ರ ವಸತಿ ಕಾಯ್ದೆಯಡಿ ಅವರು 29 ಬಗೆಯ ಅಪಾಯಗಳನ್ನು ಅಳೆಯುತ್ತಾರೆ. ಪಟ್ಟಿಯಲ್ಲಿ ಮೊದಲನೆಯದು ತೇವ ಮತ್ತು ಬೂಷ್ಟು, ಎರಡನೆಯದು ಅತಿಯಾದ ಚಳಿ. ಅಪಾಯ ಒಂದನೇ ವರ್ಗದ್ದೆಂದು, ಅಂದರೆ ಹೆಚ್ಚು ಗಂಭೀರವಾದದ್ದೆಂದು ಕಂಡುಬಂದರೆ ಕ್ರಮ ಕೈಗೊಳ್ಳುವುದು ಕೌನ್ಸಿಲಿನ ಕರ್ತವ್ಯ, ಎರಡನೇ ವರ್ಗದ್ದಾದರೆ ಅದರ ವಿವೇಚನೆ. ಮನೆಯ ಶಕ್ತಿ ದಕ್ಷತಾ ಪ್ರಮಾಣಪತ್ರವನ್ನು ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಎಫ್ ಅಥವಾ ಜಿ, ಅಂದರೆ ಅತಿ ಕೆಳಗಿನ ಎರಡು ದರ್ಜೆಗಳ ಮನೆಯನ್ನು, ನೋಂದಾಯಿತ ವಿನಾಯಿತಿ ಇಲ್ಲದೆ ಬಾಡಿಗೆಗೆ ಕೊಡುವುದು 2020ರ ಏಪ್ರಿಲಿನಿಂದ ಚಾಲ್ತಿಯಲ್ಲಿರುವ ಕರಾರುಗಳಿಗೂ ನಿಷಿದ್ಧ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಸಿಟ್ಟಿನಲ್ಲಿ ಬಾಡಿಗೆ ತಡೆಹಿಡಿಯಬಾರದು. ಬಾಕಿ ಬೆಳೆದರೆ ಮನೆ ಬಿಡಿಸಲು ಕಾನೂನೇ ಒಪ್ಪುವ ಕಾರಣವನ್ನು ಕೈಯಾರೆ ಕೊಟ್ಟಂತಾಗುತ್ತದೆ. ಮನೆ ಬಿಡುವಾಗ ಬೂಷ್ಟಿನ ನೆಪದಲ್ಲಿ ಠೇವಣಿ ಮುರಿದುಕೊಂಡರೆ ಠೇವಣಿ ಸಂರಕ್ಷಣಾ ಯೋಜನೆಯ ಉಚಿತ ತೀರ್ಮಾನ ವ್ಯವಸ್ಥೆಗೆ ಹೋಗಬಹುದು, ಮತ್ತು ಅಲ್ಲಿ ಮನೆಗೆ ಬಂದ ದಿನದ ಫೋಟೋಗಳಿಗೆ ಬೆಲೆ ಹೆಚ್ಚು.

ಮಾಲೀಕರ ಕಡೆಯಲ್ಲೂ ನಿಜವಾದ ತೊಡಕು ಒಂದಿದೆ. ಗಟ್ಟಿ ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿಸುವುದು ದುಬಾರಿ ಕೆಲಸ, ಕೆಟ್ಟದಾಗಿ ಹಾಕಿಸಿದರೆ ಅದು ಹಾಕದಿದ್ದಕ್ಕಿಂತ ಕೇಡು. ಸರ್ಕಾರದ ಯೋಜನೆಗಳಡಿ ಮನೆಗಳಿಗೆ ಹಾಕಿದ ಹೊರಗೋಡೆಯ ಹೊದಿಕೆಗಳಲ್ಲಿ ಶೇ 98ರಷ್ಟಕ್ಕೂ ಒಳಗೋಡೆಯ ಹೊದಿಕೆಗಳಲ್ಲಿ ಶೇ 29ರಷ್ಟಕ್ಕೂ ಸರಿಪಡಿಸಬೇಕಾದ ದೊಡ್ಡ ದೋಷಗಳಿವೆಯೆಂದು ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2025ರ ಅಕ್ಟೋಬರಿನಲ್ಲಿ ವರದಿ ಮಾಡಿತು. ಸಂದಿಗಳನ್ನು ಸರಿಯಾಗಿ ಮುಚ್ಚದ ಹೊದಿಕೆಯೊಳಗೆ ಮಳೆನೀರು ಇಳಿದರೆ ಹೊರಬರಲು ದಾರಿಯಿಲ್ಲ. ಬೂಷ್ಟಿಗೆ ಮಾಡಿದ ಮದ್ದೇ ಬೂಷ್ಟನ್ನು ಬೆಳೆಸುತ್ತದೆ. ಹೀಗಿರುವುದರಿಂದ ಅನೇಕ ಮಾಲೀಕರು ಬೂಷ್ಟುನಾಶಕ ಹಚ್ಚಿ, ಮೇಲೆ ಬಣ್ಣ ಬಳಿಸಿ ಕೈತೊಳೆದುಕೊಳ್ಳುತ್ತಾರೆ. ಒರೆಸುವುದು ತಪ್ಪಲ್ಲ, ಅಗತ್ಯವೇ. ಒಣಗಿದ ಬ್ರಶ್ಶಿನಿಂದ ಉಜ್ಜಿದರೆ ಬೀಜಕಣಗಳು ಗಾಳಿಗೆ ಹಾರುತ್ತವೆ, ಆದ್ದರಿಂದ ಮುಖಗವಸು, ಕೈಗವಸು ಹಾಕಿಕೊಂಡು ಬೂಷ್ಟುನಾಶಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು, ಅಸ್ತಮಾ ಇರುವವರೂ ಗರ್ಭಿಣಿಯರೂ ಈ ಕೆಲಸಕ್ಕೆ ಕೈಹಾಕಬಾರದು. ಆದರೆ ಗೋಡೆ 14 ಡಿಗ್ರಿಯಲ್ಲೇ ಉಳಿದಿದ್ದರೆ ಮುಂದಿನ ಡಿಸೆಂಬರಿನಲ್ಲಿ ಅದೇ ಮೂಲೆಯಲ್ಲಿ ಅದು ಮತ್ತೆ ಬರುತ್ತದೆ.

2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಕೌನ್ಸಿಲುಗಳಿಗೆ ಮಾಲೀಕರಿಂದ ದಾಖಲೆ ಕೇಳುವ, ದಂಡ ಹಾಕುವ ಹೆಚ್ಚಿನ ಅಧಿಕಾರ ಕೊಟ್ಟಿದೆ. ಆದರೆ ಇಂಗ್ಲೆಂಡಿನಲ್ಲಿ ಖಾಸಗಿ ಬಾಡಿಗೆಯ ಕುಟುಂಬಗಳು 45 ಲಕ್ಷ ದಾಟಿವೆ, ಗೋಡೆ ನೋಡಲು ಬರಬೇಕಾದ ಪರಿಸರ ಆರೋಗ್ಯ ಅಧಿಕಾರಿಗಳ ಸಂಖ್ಯೆ ಅನೇಕ ಕಡೆ ಬೆರಳೆಣಿಕೆಯದು. ಸಾಮಾಜಿಕ ವಸತಿಯಲ್ಲಿ ಗಡುವು ಮೀರಿದರೆ ಹೋಗಲು ಆಂಬುಡ್ಸ್‌ಮನ್ ಈಗಾಗಲೇ ಇದ್ದಾರೆ. ಖಾಸಗಿ ಮಾಲೀಕರೆಲ್ಲರೂ ಕಡ್ಡಾಯವಾಗಿ ಸೇರಬೇಕಾದ ಆಂಬುಡ್ಸ್‌ಮನ್ ವ್ಯವಸ್ಥೆ ಕಾಯ್ದೆಯಲ್ಲಿದೆ, ಅದನ್ನು ಹಂತಹಂತವಾಗಿ ಕಟ್ಟಬೇಕಿದೆ. ಅದು ಬಂದು ಅವಾಬ್ ಕಾನೂನಿನ ಗಡುವುಗಳು ಖಾಸಗಿ ಮಾಲೀಕರಿಗೂ ತಗಲುವವರೆಗೆ, ಬಾಡಿಗೆದಾರರ ಪಾಲಿಗೆ ನ್ಯಾಯಾಲಯಕ್ಕೆ ಒಯ್ಯಬಹುದಾದ 2018ರ ಕಾಯ್ದೆಯ ಹಕ್ಕು, ಕೌನ್ಸಿಲಿನ ತಪಾಸಣೆ ಮತ್ತು ತಾವೇ ಬರೆದಿಟ್ಟ ತಾರೀಖುಗಳು ಇವಿಷ್ಟೇ ಇರುವ ಸಾಧನಗಳು.